ನಡುವಿನ ಉಂಗುರಕ್ಕೆ ನಾನು ಎಳೆದ ಗೆರೆ

ಪುಷ್ಪಾ, ಆ ಗೆರೆ ಎಳೆದವಳು ನಾನು.

ನಿನ್ನ ಕಾಲೇಜಿನ ಚಾರ್ಟಿನಲ್ಲಿ, ನಡುವಿನ ಉಂಗುರದ ಒಳಗೆ, ಕಪ್ಪು ಸ್ಕೆಚ್ ಪೆನ್ನಿನಲ್ಲಿ — ನೀನಲ್ಲ, ನಿನ್ನ ನಿದ್ದೆಗಣ್ಣಲ್ಲ, ನಾನು. ನಿನ್ನ ಹೆತ್ತ ತಾಯಿ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು, ನೀನು ನಿನ್ನನ್ನೇ ಬೈದುಕೊಳ್ಳುವುದನ್ನು ನೋಡುತ್ತಾ ಕೂತಿದ್ದವಳೂ ನಾನೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಓದಲು ಕಷ್ಟವಾಗಬಹುದು. ಆದರೆ ಬಾಯಲ್ಲಿ ಹೇಳಲು ಹೋದರೆ ಮತ್ತೆ ಏನಾದರೂ ಸುಳ್ಳು ಸೇರಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೇಘನಾಗೆ ಕೆಮಿಸ್ಟ್ರಿ ಎಂ.ಎಸ್ಸಿ. ಸೀಟು ಸಿಕ್ಕಿತು ಅಂದಾಗ ನಾನು ಹೇಗೆ ಕುಣಿದಾಡಿದೆ, ನೀನೇ ನೋಡಿದೆ. ಮಂಡಿ ನೋವು ಎಲ್ಲಿ ಹೋಯಿತೋ. ಮೈಸೂರು ಪಾಕಿನ ಡಬ್ಬಿ ಹಿಡಿದು ನಮ್ಮ ಕ್ರಾಸಿನ ಒಂದು ಮನೆಯನ್ನೂ ಬಿಡಲಿಲ್ಲ. ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಹತ್ತಿರ ಹೂ ಮಾರುವವಳಿಗೂ ಕೊಟ್ಟುಬಂದೆ. "ಏನಜ್ಜಿ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?" ಅಂದಳು. "ಗಂಡಲ್ಲ ಕಣೇ, ಸೀಟು. ಗಂಡು ಕಾಯ್ಲಿ ಬಿಡು," ಅಂದೆ. ಹಾಗೆ ಜಂಭದಿಂದ ಅಂದ ಇದೇ ಬಾಯಿ ನಿನಗೆ ಏನು ಹೇಳಿತ್ತು — ಹೇಳುತ್ತೇನೆ, ಅಲ್ಲಿಗೇ ಬರುತ್ತೇನೆ.

ಭಾನುವಾರ ನೀನು ಅನ್ನಪೂರ್ಣೇಶ್ವರಿ ನಗರದಿಂದ ಮಗಳನ್ನು ಕರೆದುಕೊಂಡು ಬಂದೆಯಲ್ಲ, ಅವತ್ತು "ಅದೇನ್ ಓದ್ತೀಯೋ ನನಗೂ ತೋರ್ಸೇ" ಅಂತ ಅವಳ ಬೆನ್ನು ಹತ್ತಿದೆ. ಅವಳು ನನ್ನ ರಂಗೋಲಿ ಡಬ್ಬಿ ತಂದು, ಹಾಲಿನ ನೆಲದ ಮೇಲೆ ಆರು ಮೂಲೆಯ ಮೂರು ಉಂಗುರ ಬರೆದಳು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಬಾಗಿದ ಬಾಣಗಳು. ನಿನ್ನ ಚಾರ್ಟು ನೆನಪಾಯಿತು. ಅದೇ ಚಿತ್ರ. ಮೊದಲಿನ ಉಂಗುರದೊಳಗೆ ಮೂರು ಗೆರೆ, ಕೊನೆಯದರಲ್ಲೂ ಮೂರು ಗೆರೆ, ನಡುವಿನದರಲ್ಲಿ ಎರಡೇ.

"ಇಲ್ಲೊಂದು ಗೆರೆ ಬಿಟ್ಟಿದೀಯಲ್ಲೇ," ಅಂದೆ.

"ಬಿಟ್ಟಿಲ್ಲ ಅಜ್ಜಿ, ಅಲ್ಲಿ ಇರಬಾರ್ದು. ಆ ಗೆರೆಲಿದ್ದ ಎಲೆಕ್ಟ್ರಾನ್‌ಗಳೇ ಎದ್ದು ಹೋಗಿ, ಹೊರಗಿಂದ ಬಂದ ಹೊಸಬನ ಕೈ ಹಿಡ್ಕೊಂಡಿವೆ. ಅದಕ್ಕೇ ಈ ಬಾಣ. ಒಂದೊಂದ್ ಮೂಲೆಲೂ ಒಂದೊಂದ್ ಕಾರ್ಬನ್ ಇದೆ. ಕಾರ್ಬನ್‌ಗೆ ನಾಲ್ಕೇ ಕೈ. ನೀನಿಲ್ಲಿ ಗೆರೆ ಹಾಕಿದ್ರೆ ಐದಾಗ್ಬಿಡುತ್ತೆ."

ಅಷ್ಟರಲ್ಲಿ ನೀನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದೆ. ನೆಲ ನೋಡಿ ನಕ್ಕೆ. "ನಾನೂ ಅಲ್ಲೇ ಎಡವಿದ್ದು ಕಣೇ. ಸೆಮಿನಾರ್ ಚಾರ್ಟಲ್ಲಿ ಐದು ಕೈ ಬರ್ದಿದ್ದೆ. ನನ್ನ ತಲೆಗೆ ಹತ್ತಲಿಲ್ಲ, ನಿನಗಾದ್ರೂ ಹತ್ತಲಿ."

ನನ್ನ ಮುಷ್ಟಿಯಲ್ಲಿ ರಂಗೋಲಿ ಪುಡಿ ಇತ್ತು. ಅದನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ. ಆಗಲೂ ಹೇಳಲಿಲ್ಲ.

ನಿನ್ನ ಬಿ.ಎಸ್ಸಿ. ಸೆಮಿನಾರಿನ ದಿನ ಬೆಳಿಗ್ಗೆ ನೀನು ಚಾರ್ಟನ್ನು ನೆಲದ ಮೇಲೆ ಹರಡಿ, ಮೂಲೆಗಳಿಗೆ ಲೋಟ ಇಟ್ಟು, ಸ್ನಾನಕ್ಕೆ ಹೋಗಿದ್ದೆ. ನಾನು ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದೆ. ರಂಗೋಲಿ ಹಾಕುವವಳ ಕಣ್ಣು ನೋಡು — ಒಂದು ಎಸಳಿನಲ್ಲಿ ಮೂರು ಗೆರೆ ಇದ್ದರೆ ಎಲ್ಲದರಲ್ಲೂ ಮೂರೇ ಇರಬೇಕು. ಗೆರೆ ಬಿಟ್ಟರೆ ನಮ್ಮತ್ತೆ ನೀರು ಹೊಯ್ದು ಮತ್ತೆ ಹಾಕಿಸುತ್ತಿದ್ದರು. ಪಾಪ, ನಿದ್ದೆಗೆಟ್ಟು ಬರೆದಿದ್ದಾಳೆ, ಒಂದು ಮರೆತಿದ್ದಾಳೆ ಅಂದುಕೊಂಡೆ. ಪೆನ್ನು ಅಲ್ಲೇ ಬಿದ್ದಿತ್ತು. ಎಳೆದೆ. ನಿನ್ನ ಗೆರೆಗೆ ಸಮನಾಗಿ, ಅಳತೆ ತಪ್ಪದ ಹಾಗೆ — ನಿನಗೇ ಗುರುತು ಹತ್ತದಷ್ಟು ಚೆನ್ನಾಗಿ. ಬಸ್ಸಿಗೆ ಹೊತ್ತಾಯಿತೆಂದು ನೀನು ಅದನ್ನು ಸುತ್ತಿಕೊಂಡು ಓಡಿದೆ.

ಅಲ್ಲಿಯವರೆಗೆ ಅದು ತಿಳಿಯದೆ ಆದದ್ದು. ಅಷ್ಟೇ ಆಗಿದ್ದರೆ ಈ ಕಾಗದ ಬೇಕಿರಲಿಲ್ಲ.

ಸಂಜೆ ನೀನು ಕಣ್ಣು ಊದಿಸಿಕೊಂಡು ಬಂದೆ. "ಐದು ಕೈ ಇರೋ ಕಾರ್ಬನ್ನ ನಿಮ್ಮನೇಲಿ ಸಾಕಿದೀರೇನಮ್ಮ?" ಅಂತ ಮೇಷ್ಟ್ರು ಕೇಳಿದರಂತೆ, ಇಡೀ ಕ್ಲಾಸು ನಕ್ಕಿತಂತೆ. ಮಧ್ಯದ ಉಂಗುರದ ಮೇಲೆ ಬೆರಳಿಟ್ಟು ಕೇಳಿದೆ: "ಅಮ್ಮ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಗೆರೆ ಯಾವುದೆಂದು ನನಗೆ ಆ ಕ್ಷಣವೇ ಗೊತ್ತಾಯಿತು.

"ನಾನ್ಯಾಕೆ ಮುಟ್ಲಿ? ನಿದ್ದೆಗಣ್ಣಲ್ಲಿ ನೀನೇ ಬರ್ಕೊಂಡಿರ್ತೀಯ," ಅಂದೆ. ಹೆದರಿ ಆಡಿದ ಸುಳ್ಳು ಅದು, ಇರಲಿ. ಆದರೆ ಅದರ ಹಿಂದೆಯೇ — ಬರೆಯಲು ಕೈ ಬರುತ್ತಿಲ್ಲ — "ಇದೆಲ್ಲ ನಿನ್ ಕೈಲಿ ಆಗಲ್ಲ, ಬಿಟ್ಬಿಡು ಮಗಳೇ," ಅಂದೆ. ಅದು ಹೆದರಿ ಅಂದದ್ದಲ್ಲ. ಆ ವಾರವೇ ಗಂಡಿನ ಕಡೆಯವರು ಕೇಳಿ ಕಳಿಸಿದ್ದರು. ನೀನು ಎಂ.ಎಸ್ಸಿ. ಮಾಡಿಯೇ ಮದುವೆ ಅಂತ ಹಟ ಹಿಡಿದಿದ್ದೆ. ನಿಮ್ಮಪ್ಪ ಕೂಗಾಡಿದರೂ ಬಗ್ಗದವಳು ಆ ಒಂದು ಮಾತಿಗೆ ಬಗ್ಗಿಹೋದೆ. ಕೆಲಸ ಸಲೀಸಾಯಿತು ಅಂತ ನಾನು ಒಳಗೊಳಗೇ — ಹೌದು, ಹಗುರಾದೆ. ನೀನು ಬಿ.ಎಸ್ಸಿ. ಪಾಸು ಮಾಡಿದೆ. ಎಂ.ಎಸ್ಸಿ. ಅರ್ಜಿ ಮಾತ್ರ ತರಲೇ ಇಲ್ಲ.

ಇವತ್ತಿಗೂ ನೀನು ಗ್ಯಾಸ್ ಆಫ್ ಮಾಡಿ, ಮತ್ತೆ ಹೋಗಿ ನೋಡುತ್ತೀಯ. ಬ್ಯಾಂಕಿನ ಚಲನ್ ತುಂಬಿ ಮಗಳ ಕೈಗೆ ಕೊಟ್ಟು "ಸರಿ ಇದೆಯಾ ನೋಡೇ" ಅನ್ನುತ್ತೀಯ. "ಇವಳದ್ದೊಂದು ಕಾಯಿಲೆ ಅತ್ತೆ," ಅಂತ ನಿನ್ನ ಗಂಡ ನಗುತ್ತಾರೆ. ಅಳಿಯನ ಜೊತೆ ಸೇರಿ ನಾನೂ ನಕ್ಕಿದ್ದೇನೆ — ಥೂ, ನಕ್ಕಿದ್ದೇನೆ, ಪುಷ್ಪಾ. ಕಾಯಿಲೆ ಅಂಟಿಸಿದವಳೇ ಕೂತು ನಕ್ಕಿದ್ದೇನೆ. ಈ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳಲಿ? ಪಾತ್ರೆ ಕುಕ್ಕುತ್ತೇನೆ, ಬಾಗಿಲು ಬಡಿಯುತ್ತೇನೆ.

ಓದಿಲ್ಲದವಳು, ಅವಳಿಗೇನು ಗೊತ್ತು ಅಂತ ನನ್ನನ್ನು ಬಿಟ್ಟುಬಿಡಬೇಡ. "ಮುಟ್ಟಿದ್ದು ನಾನು" ಅನ್ನುವುದಕ್ಕೆ ಓದು ಬೇಕಿರಲಿಲ್ಲ. ನೀನೂ ಸಿಟ್ಟು ಮಾಡು. ಇಷ್ಟು ವರ್ಷ ನಿನ್ನ ಮೇಲೆಯೇ ಮಾಡಿಕೊಂಡೆಯಲ್ಲ, ಅದನ್ನೆಲ್ಲ ಇತ್ತ ಕಡೆ ತಿರುಗಿಸು. ನೀನು ಬರೆದದ್ದರಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಇದನ್ನು ಮೇಘನಾಳ ಮುಂದೆ, ಅಳಿಯಂದಿರ ಮುಂದೆ ನಾನೇ ಹೇಳುತ್ತೇನೆ, ಮೊದಲು ನಿನಗೆ.

ನಾಳೆ ಬಾ. ಬಾಗಿಲಿಗೆ ಆ ಮೂರು ಉಂಗುರವನ್ನೇ ಬರೆದಿರುತ್ತೇನೆ. ಇವತ್ತು ಬರೆದು ನೋಡಿದೆ — ನಡುವಿನದರಲ್ಲಿ ಗೆರೆ ಬಿಡುವಾಗ ಕೈ ಕೇಳಲಿಲ್ಲ, ಎಡಗೈಯಲ್ಲಿ ಬಲಗೈ ಹಿಡಿದುಕೊಳ್ಳಬೇಕಾಯಿತು. ಬಾಣ ಸರಿಯಾಗಿ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ನೀನು ನೋಡಿ ಹೇಳು. ನಿನ್ನನ್ನೇ ಕೇಳುತ್ತಿದ್ದೇನೆ, ಮೇಘನಾಳನ್ನಲ್ಲ.