ಮೂರು ಸಾಲಿನ ಅಪಾಯ, ಒಂಬತ್ತು ಪುಟದ ಅಪಾಯ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಚುಕ್ಕಕ್ಕ ಅಂತಲೇ ಕರೆಯುತ್ತಿದ್ದರು. ವಾಕ್ಯದ ಕೊನೆಗೆ ಚುಕ್ಕಿ ಇಲ್ಲದ ಹಾಳೆ ಅವಳ ಮೇಜು ದಾಟುವುದಿಲ್ಲ ಅಂತ ಹಿಂದೆ ಯಾರೋ ‘ಚುಕ್ಕಿ ಅಕ್ಕ’ ಅಂದದ್ದು, ಬಾಯಿಂದ ಬಾಯಿಗೆ ಸವೆದು ಹಾಗಾಗಿತ್ತು. ಇಪ್ಪತ್ತನಾಲ್ಕು ವರ್ಷದಿಂದ ಅವಳ ಕೆಲಸ ಕರಡು ತಿದ್ದುವುದು. ಕಿಟಕಿ ಪಕ್ಕದ ಮೇಜು, ಸಾಲಿನ ಕೆಳಗೆ ಜಾರಿಸಲು ಒಂದು ಮರದ ಸ್ಕೇಲು, ಕೆಂಪು ಪೆನ್ನು, ಎರಡು ಕನ್ನಡಕ. ಒಂದು ಮಾಮೂಲಿ ಅಕ್ಷರಕ್ಕೆ, ಇನ್ನೊಂದು ಯಾರೂ ಓದದಿರಲಿ ಅಂತ ಕಂಪನಿಗಳು ಹಾಕಿಸುವ ಅಕ್ಷರಕ್ಕೆ.

ವರ್ಷದಲ್ಲಿ ಮೂರು ತಿಂಗಳು ಪ್ರೆಸ್ಸಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಕಂಪನಿಗಳ ವಾರ್ಷಿಕ ವರದಿಗಳು ಅಚ್ಚಾಗುವ ಕಾಲ ಅದು. ವರದಿ ಕೈಗೆ ಸಿಕ್ಕವರು ಅಧ್ಯಕ್ಷರ ಫೋಟೋ ನೋಡುತ್ತಾರೆ, ಲಾಭವೋ ನಷ್ಟವೋ ನೋಡುತ್ತಾರೆ, ಮಡಚಿಡುತ್ತಾರೆ. ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದುವ ಜೀವ ತಾನೊಬ್ಬಳೇ ಇರಬೇಕು ಅಂತ ಚುಕ್ಕಕ್ಕ ಅಂದುಕೊಂಡಿದ್ದಳು. ಓದುತ್ತಿದ್ದಳೇ ಹೊರತು ಒಳಗಿನ ಮಾತು ತಲೆಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಹತ್ತಿಸಿಕೊಂಡರೆ ತಪ್ಪು ಕಾಣುವುದಿಲ್ಲ ಅನ್ನುವುದು ಅವಳ ಕಸುಬಿನ ಮೊದಲ ಪಾಠ.

ಆ ಪಾಠ ಕೆಟ್ಟುಹೋದದ್ದು ಎರಡು ಬಿಸ್ಕತ್ತು ಕಂಪನಿಗಳಿಂದ. ಒಂದೇ ವಾರದಲ್ಲಿ ಎರಡರ ವರದಿಗಳೂ ಬಂದವು. ಪ್ರತಿ ವರದಿಯಲ್ಲೂ ‘ಅಪಾಯಗಳು ಮತ್ತು ಅವುಗಳ ನಿರ್ವಹಣೆ’ ಅಂತ ಒಂದು ಭಾಗ ಇರುತ್ತದೆ. ನಮಗೆ ಏನೇನು ಕೆಡುಕಾಗಬಹುದು, ಆಗದಂತೆ ಏನು ಮಾಡುತ್ತಿದ್ದೇವೆ ಅಂತ ಷೇರುದಾರರಿಗೆ ಕಂಪನಿಯೇ ಹೇಳಿಕೊಳ್ಳುವ ಜಾಗ ಅದು. ಮೊದಲ ಕಂಪನಿ ಒಂಬತ್ತು ಪುಟ ಬರೆದಿತ್ತು: ಗೋಧಿ ಸಿಗದಿದ್ದರೆ, ಒಲೆ ಕೆಟ್ಟರೆ, ಹಿಟ್ಟಿಗೆ ಹುಳ ಹಿಡಿದರೆ, ಲಾರಿಯವರು ಮುಷ್ಕರ ಹೂಡಿದರೆ. ಎರಡನೆಯದು ಮೂರೇ ಸಾಲು ಬರೆದಿತ್ತು: ‘ಎಲ್ಲ ವ್ಯವಹಾರಗಳಲ್ಲಿರುವಂತೆ ನಮ್ಮಲ್ಲೂ ಅಪಾಯಗಳಿವೆ. ಆಡಳಿತ ಮಂಡಳಿ ಅವುಗಳನ್ನು ಗಮನಿಸುತ್ತಿದೆ. ಆತಂಕಕ್ಕೆ ಕಾರಣವಿಲ್ಲ.’

ಪಾಪ, ಒಂಬತ್ತು ಪುಟದವರ ಕತೆ ಮುಗಿಯಿತು ಅಂದುಕೊಂಡಳು ಚುಕ್ಕಕ್ಕ. ಮಾರನೆಯ ವರ್ಷ ನೋಡಿದರೆ ಎರಡೂ ಕಂಪನಿಗಳು ಗುಂಡುಕಲ್ಲಿನ ಹಾಗೆ ಇದ್ದವು. ಅದೇ ಹಿಟ್ಟು, ಅದೇ ಒಲೆ, ಅದೇ ಲಾರಿ. ಹಾಗಾದರೆ ಒಬ್ಬರಿಗೆ ಅಷ್ಟು ಮಾತು, ಇನ್ನೊಬ್ಬರಿಗೆ ಇಷ್ಟೇ ಮಾತು ಯಾಕೆ? ತಲೆಗೆ ಹುಳ ಬಿಟ್ಟಂತಾಯಿತು.

ಪ್ರೆಸ್ಸಿನ ಅಟ್ಟದ ಮೇಲೆ ಅಚ್ಚಾದ ಪ್ರತಿಯೊಂದರ ಒಂದೊಂದು ಪ್ರತಿ ಕಟ್ಟಿಟ್ಟಿರುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಉಳಿಯುವ ಇಪ್ಪತ್ತು ನಿಮಿಷದಲ್ಲಿ ಅವಳು ಅಟ್ಟ ಹತ್ತತೊಡಗಿದಳು. ಒಂದು ಉದ್ದನೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಕಂಪನಿ ಎಷ್ಟು ದೊಡ್ಡದು, ಏನು ಮಾಡುತ್ತದೆ, ಅಪಾಯದ ಬಗ್ಗೆ ಎಷ್ಟು ಸಾಲು ಅಂತ ಬರೆಯುತ್ತಾ ಹೋದಳು.

ಮೊದಲು ಅವಳಿಗಿದ್ದ ಊಹೆ, ಅಪಾಯದ ಕೆಲಸ ಮಾಡುವವರು ಹೆಚ್ಚು ಬರೆಯುತ್ತಾರೆ ಅಂತ. ಆ ಊಹೆ ಎರಡೇ ವಾರಕ್ಕೆ ನೆಲ ಕಚ್ಚಿತು. ಆಸಿಡ್ ಮಾಡುವ ಕಾರ್ಖಾನೆಯೊಂದು ನಾಲ್ಕು ಸಾಲು ಬರೆದಿತ್ತು. ಅಂಗಿಗೆ ಗುಂಡಿ ಮಾಡುವ ಕಂಪನಿ ಐದು ಪುಟ ತುಂಬಿಸಿತ್ತು. ದೊಡ್ಡ ಕಂಪನಿಗಳು ಚಿಕ್ಕವಕ್ಕಿಂತ ಹೆಚ್ಚು ಬರೆಯುತ್ತವೆ ಅನ್ನುವುದು ಬಹುಮಟ್ಟಿಗೆ ನಿಂತಿತು. ಆದರೆ ಒಂದು ಭಾರೀ ಸಿಮೆಂಟ್ ಕಂಪನಿ ಮಾತ್ರ ಯಾವ ವರ್ಷವೂ ಅರ್ಧ ಪುಟ ದಾಟಿರಲಿಲ್ಲ. ಅದು ಯಾಕಿರಬಹುದು ಅಂತ ಮುಂದಿನ ಹಾಳೆ ತಿರುಗಿಸಿದಾಗ ಆಡಳಿತ ಮಂಡಳಿಯ ಫೋಟೋ ಕಂಡಿತು. ಏಳು ಜನ, ಮೂಗು ಒಂದೇ. ಅಪ್ಪ, ಇಬ್ಬರು ಮಕ್ಕಳು, ಚಿಕ್ಕಪ್ಪ, ಚಿಕ್ಕಪ್ಪನ ಮಗ, ಹೀಗೆ. ಅಪ್ಪನೇ ಅಧ್ಯಕ್ಷ, ಅಪ್ಪನೇ ವ್ಯವಸ್ಥಾಪಕ ನಿರ್ದೇಶಕ. ಚುಕ್ಕಕ್ಕ ಅಲ್ಲೇ ಅಟ್ಟದ ಮೇಲೆ ಕೂತು ನಕ್ಕಳು. ಅಂದಿನಿಂದ ಪುಸ್ತಕದಲ್ಲಿ ಇನ್ನೆರಡು ಅಂಕಣ ಸೇರಿದವು: ಹೊರಗಿನವರು ಎಷ್ಟು ಜನ, ಎರಡೂ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದಾರಾ.

ಗುಂಡಿ ಕಂಪನಿ ಮಾತ್ರ ಅವಳಿಗೆ ಒಗಟಾಗಿಯೇ ಉಳಿದಿತ್ತು. ಒಂದು ದಿನ ಅದರ ಐದು ಪುಟಗಳನ್ನು ನಿಧಾನವಾಗಿ ಓದಿದಳು. ಮೂರನೆಯ ಪುಟದಲ್ಲಿ ‘ಗಣಿ ಕುಸಿತದ ಸಾಧ್ಯತೆ’ ಅಂತಿತ್ತು. ಅಂಗಿಗುಂಡಿಗೆ ಎಲ್ಲಿಯ ಗಣಿ? ಯಾವುದೋ ಗಣಿ ಕಂಪನಿಯ ವರದಿಯಿಂದ ಇಡಿಯಾಗಿ ಎತ್ತಿ ತಂದು ಹೆಸರು ಮಾತ್ರ ಬದಲಿಸಿದ್ದರು. ಉದ್ದ ಬರೆದವರೆಲ್ಲ ಒಳ್ಳೆಯವರಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಯಾವ ಯಂತ್ರ, ಯಾವ ಗೋದಾಮು, ಎಷ್ಟು ಹಳೆಯದು ಅಂತ ಬಿಡಿಸಿ ಹೇಳುವ ಸಾಲು ಎಷ್ಟು ಅಂತ ಬೇರೆಯಾಗಿ ಎಣಿಸಲು ಶುರುಮಾಡಿದಳು.

ಮನೆಯಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿದಳು. ಅವನು ಲಿಫ್ಟ್ ರಿಪೇರಿಯವನು, ದಿನವಿಡೀ ಬೇರೆಯವರ ಕಟ್ಟಡಗಳಲ್ಲಿ ಹತ್ತಿಳಿಯುವವನು. ಸಂಜೆ ಟೀ ಹೀರುತ್ತಾ ಕೇಳಿಸಿಕೊಂಡ.

“ಇದರಲ್ಲಿ ಏನು ವಿಶೇಷ? ಲಿಫ್ಟ್ ಪಕ್ಕ ಒಂದು ಕಾರ್ಡ್ ತೂಗುಹಾಕಿರ್ತಾರೆ. ಯಾವತ್ತು ಹಗ್ಗ ನೋಡಿದ್ದು, ಯಾವತ್ತು ಬ್ರೇಕ್ ನೋಡಿದ್ದು ಅಂತ ಅದರಲ್ಲಿ ಬರೀಬೇಕು. ಆಸ್ಪತ್ರೆ ಲಿಫ್ಟಲ್ಲಿ ಕಾರ್ಡ್ ತುಂಬಿರುತ್ತೆ. ಯಾಕೆ ಹೇಳು.”

“ರೋಗಿಗಳು ಇರ್ತಾರೆ ಅಂತ.”

“ಅಲ್ಲ ಕಣೇ. ಬರೆಯೋನು ಬೇರೆ, ಓದೋನು ಬೇರೆ. ತಿಂಗಳಿಗೊಮ್ಮೆ ಒಬ್ಬ ಬಂದು ಓದ್ತಾನೆ, ಅವನಿಗೂ ನನಗೂ ಸಂಬಂಧ ಇಲ್ಲ. ಅದೇ ಕೆಲವು ಕಟ್ಟಡದಲ್ಲಿ ಮಾಲೀಕನೇ ಬರೀತಾನೆ, ಮಾಲೀಕನೇ ಓದ್ತಾನೆ. ಅಲ್ಲಿ ಕಾರ್ಡ್ ಬೆಳ್ಳಗಿರುತ್ತೆ.”

“ಬೆಳ್ಳಗಿದ್ದ ಲಿಫ್ಟ್ ಬಿದ್ದಿದ್ದು ನೋಡಿದ್ದೀರಾ?”

“ಇಲ್ಲ,” ಅಂದ ಅವನು, ಲೋಟ ಕೆಳಗಿಟ್ಟು. “ಆದ್ರೆ ಅದರಲ್ಲಿ ನಾನು ಹತ್ತಲ್ಲ.”

ಆ ವರ್ಷದ ಸೀಸನ್ನಿನಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಕಂಪನಿಯ ವರದಿ ಬಂತು. ಹಣ್ಣು, ಮೀನು, ಔಷಧಿ ಇಡುವ ನಾಲ್ಕು ದೊಡ್ಡ ಘಟಕಗಳು ಅದಕ್ಕಿದ್ದವು. ಮೊದಲ ಕರಡಿನ ಇಪ್ಪತ್ತೆಂಟನೆಯ ಪುಟದಲ್ಲಿ ಒಂದು ಪ್ಯಾರಾ ಇತ್ತು: ‘ಮೂರನೇ ಘಟಕದ ಅಮೋನಿಯಾ ಪೈಪುಗಳು ಇಪ್ಪತ್ತಾರು ವರ್ಷ ಹಳೆಯವು. ಎರಡು ಕಡೆ ತುಕ್ಕು ಕಂಡಿದೆ. ಸೋರಿಕೆಯಾದರೆ ಕೆಲಸಗಾರರಿಗೂ ಸುತ್ತಲಿನ ಮನೆಗಳಿಗೂ ಅಪಾಯ.’ ಇಷ್ಟು ಬಿಡಿಸಿ ಹೇಳಿದ ಸಾಲುಗಳನ್ನು ಚುಕ್ಕಕ್ಕ ಎಲ್ಲೂ ಓದಿರಲಿಲ್ಲ. ಖುಷಿಯಿಂದ ಪುಸ್ತಕಕ್ಕೆ ಏರಿಸಿದಳು.

ನಾಲ್ಕು ದಿನಕ್ಕೆ ಕಂಪನಿಯಿಂದ ತಿದ್ದಿದ ಪ್ರತಿ ಬಂತು. ಆ ಪ್ಯಾರಾದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ.

ಅಕ್ಷರ ತಿದ್ದುವವಳಿಗೆ ಅದು ಸಂಬಂಧವಿಲ್ಲದ ವಿಷಯ. ಬರೆದವರು ಹೊಡೆದುಹಾಕಿದರೆ ಹೊಡೆದುಹಾಕಿದ ಹಾಗೆ. ಅವಳೂ ಹಾಗೇ ಮಾಡಿ ಮುಂದೆ ಹೋದಳು. ನಲವತ್ತೊಂದನೆಯ ಪುಟಕ್ಕೆ ಬಂದಾಗ ಸ್ಕೇಲು ನಿಂತಿತು. ಅಲ್ಲಿ ಅಪಾಯ ಸಮಿತಿಯ ವರದಿ ಇತ್ತು, ಕೆಳಗೆ ಸಮಿತಿಯ ಮುಖ್ಯಸ್ಥೆಯ ಹೆಸರು. ‘ಮೂರನೇ ಘಟಕದ ಬಗ್ಗೆ ಪುಟ 28ರಲ್ಲಿ ವಿವರಿಸಿದಂತೆ’ ಅಂತ ಸಾಲು ಶುರುವಾಗಿತ್ತು. ಪುಟ ಇಪ್ಪತ್ತೆಂಟರಲ್ಲಿ ಈಗ ಆ ವಿವರವೇ ಇಲ್ಲ. ಇದು ಮಾತ್ರ ಕರಡು ತಿದ್ದುವವಳ ಕೆಲಸವೇ. ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದಳು: ‘ಪುಟ 28ರಲ್ಲಿ ಇದಿಲ್ಲ. ಏನು ಮಾಡಲಿ?’

ಪ್ರೆಸ್ಸಿನ ಯಜಮಾನರು ಅದನ್ನು ಓದಿ ಹುಬ್ಬು ಗಂಟಿಕ್ಕಿದರು. “ಚುಕ್ಕಕ್ಕ, ನಮಗ್ಯಾಕೆ ಬೇಡದ ಉಸಾಬರಿ?”

“ಸಾರ್, ಇಲ್ಲದ ಪ್ಯಾರಾಕ್ಕೆ ದಾರಿ ತೋರಿಸ್ತಾ ಇದ್ದಾರೆ. ಅಚ್ಚಾದ ಮೇಲೆ ಪ್ರೆಸ್ಸಿನವರ ತಪ್ಪು ಅಂತಾರೆ.”

ಪ್ರೆಸ್ಸಿನ ತಪ್ಪು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಯಜಮಾನರು ಲಕೋಟೆ ಹುಡುಕಿದರು. ಹಾಳೆ ಕಂಪನಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಕಂಪನಿ ಸೆಕ್ರೆಟರಿಯೇ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಇಲ್ಲದ ಮುಖ. ಚುಕ್ಕಕ್ಕನ ಮೇಜಿನ ಮುಂದೆ ನಿಂತು, “ಆ ಸಾಲನ್ನೂ ಹೊಡೆದುಹಾಕಿಬಿಡಿ ಅಮ್ಮ, ಸರಿಹೋಗುತ್ತೆ,” ಅಂದರು.

“ಹೊಡೀತೀನಿ ಸಾರ್. ಆದ್ರೆ ಇದು ಸಮಿತಿಯ ವರದಿ, ಕೆಳಗೆ ಮೇಡಂ ಹೆಸರಿದೆ. ಹೊಡೀಬೇಕು ಅಂತ ಅವರು ಹೇಳಿದ್ದಾರಾ?”

ಸೆಕ್ರೆಟರಿ ಕುರ್ಚಿ ಎಳೆದುಕೊಂಡು ಕೂತರು. ನೀರು ಕೇಳಿ ಕುಡಿದರು. ಅವರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಹಾಗಿತ್ತು. ಅಧ್ಯಕ್ಷರು ಕಂಪನಿ ಕಟ್ಟಿದವರು, ಅವರು ಹೇಳಿದ್ದೇ ಕೊನೆಯ ಮಾತು. ಮೇಡಂ ಹೊರಗಿನಿಂದ ಬಂದವರು. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ, ಹೋದ ವರ್ಷ ಮಂಡಳಿಗೆ ಸೇರಿದವರು. ಮೂರನೇ ಘಟಕದೊಳಗೆ ಸ್ವತಃ ನಡೆದು ಪೈಪು ಮುಟ್ಟಿ ನೋಡಿದವರು.

ಚುಕ್ಕಕ್ಕನಿಗೆ ಅವರ ಮೇಲೆ ಕನಿಕರ ಹುಟ್ಟಿತು. ಆದರೆ ಕನಿಕರಕ್ಕಿಂತ ಕುತೂಹಲ ಒಂದು ಗೇಣು ಮುಂದಿತ್ತು. ಇಷ್ಟು ವರ್ಷ ಪುಟಗಳನ್ನು ಓದಿದವಳ ಎದುರು ಈಗ ಆ ಪುಟಗಳು ಹುಟ್ಟುವ ಕಡೆಯ ಮನುಷ್ಯನೇ ಕೂತಿದ್ದ.

“ಸಾರ್, ತಪ್ಪು ತಿಳ್ಕೋಬೇಡಿ. ಇಂಥ ಪುಟಗಳ ಲೆಕ್ಕ ನಾನೊಂದು ಪುಸ್ತಕದಲ್ಲಿ ಬರೆದಿಡ್ತಿದ್ದೀನಿ, ಅದಕ್ಕೆ ಕೇಳ್ತೀನಿ. ಈ ಅಪಾಯದ ಪುಟ ಬರೆಯೋದು ಯಾರು?”

ಅವರು ಅವಳ ಮುಖ ನೋಡಿದರು. ಯಾರೂ ಆ ಪ್ರಶ್ನೆ ಕೇಳಿರಲಿಲ್ಲವೋ ಏನೋ, ಹೇಳತೊಡಗಿದರು. “ಮೊದಲೆಲ್ಲ ನಾನೇ. ಹಿಂದಿನ ವರ್ಷದ್ದನ್ನೇ ತೆಗೆದು ಇಸವಿ ಬದಲಾಯಿಸ್ತಿದ್ದೆ. ಯಾರೂ ಕೇಳ್ತಿರಲಿಲ್ಲ. ಮೇಡಂ ಬಂದ ಮೇಲೆ ಸಮಿತಿ ಆಯ್ತು. ವರ್ಷಕ್ಕೆ ನಾಲ್ಕು ಸಲ ಸೇರ್ತಾರೆ. ಘಟಕದ ಎಂಜಿನಿಯರುಗಳನ್ನ ಕೂರಿಸ್ಕೊಂಡು ಒಂದೊಂದಾಗಿ ಕೇಳ್ತಾರೆ. ಎದುರಿಗೆ ಕೇಳಿದ್ರೆ ಹೇಳದೆ ಏನು ಮಾಡ್ತಾರೆ? ಹಾಗೆ ಬಂದಿದ್ದು ಆ ಪ್ಯಾರಾ.”

“ಅಧ್ಯಕ್ಷರು ಯಾಕೆ ತೆಗೆಸಿದ್ದು?”

“ಔಷಧಿ ಕಂಪನಿಯವರು ಇದನ್ನ ಓದಿದ್ರೆ ಸರಕು ಬೇರೆ ಕಡೆ ಒಯ್ತಾರೆ ಅಂತ. ಅವರ ಮಾತೂ ಪೂರ್ತಿ ಸುಳ್ಳಲ್ಲ ಅಮ್ಮ. ನಮ್ಮ ಎದುರಾಳಿ ಕಂಪನಿಯ ಪೈಪು ಇನ್ನೂ ಹಳೇದು. ಅವರು ಒಂದು ಸಾಲೂ ಬರೆದಿಲ್ಲ.”

ಹೇಳದವನು ಆರಾಮಾಗಿರುತ್ತಾನೆ, ಹೇಳಿದವನಿಗೆ ಪೆಟ್ಟು. ಅವಳು ಆ ದಿಕ್ಕಿನಿಂದ ಯೋಚಿಸಿಯೇ ಇರಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಮೂರು ಸಾಲು ಬರೆದವರೆಲ್ಲ ಕಳ್ಳರು ಅಂತ ತೀರ್ಮಾನಿಸಲು ಹೊರಟಿದ್ದವಳ ಮನಸ್ಸು ಒಂದು ಹೆಜ್ಜೆ ಹಿಂದಕ್ಕೆ ಬಂತು.

ಸೆಕ್ರೆಟರಿ ಫೋನ್ ತೆಗೆದರು. ಬೆಕ್ಕಿಗೆ ಗಂಟೆ ಕಟ್ಟುವ ಧೈರ್ಯ ಅವರಿಗೆ ಎಲ್ಲಿಂದ ಬಂತೋ, ಮೇಡಂಗೇ ಹಚ್ಚಿದರು. ಎರಡು ಮಾತಾಡಿ ಫೋನನ್ನು ಚುಕ್ಕಕ್ಕನ ಕೈಗೆ ಕೊಟ್ಟರು.

“ಪುಟ ಇಪ್ಪತ್ತೆಂಟರಲ್ಲಿ ಈಗ ಏನಿದೆ, ಓದಿ ಅಮ್ಮ,” ಅಂತು ಆ ಕಡೆಯ ದನಿ.

ಅವಳು ಚುಕ್ಕಿ, ಅಲ್ಪವಿರಾಮ ಸಮೇತ ಓದಿದಳು.

“ಸರಿ. ನಾನು ಸಹಿ ಹಾಕಿದ್ದು ಬೇರೆ ಪುಟಕ್ಕೆ. ಮಂಡಳಿಯಲ್ಲಿ ಮಾತಾಡೋವರೆಗೂ ಅಚ್ಚು ಹಾಕಬೇಡಿ.”

ಆರು ದಿನ ಆ ಕೆಲಸ ನಿಂತಿತು. ದೊಡ್ಡ ಯಂತ್ರಕ್ಕೆ ಕಾಯ್ದಿರಿಸಿದ ಕಾಗದದ ರಾಶಿ ದಾರಿಗಡ್ಡವಾಗಿ ಕೂತಿತ್ತು. ಅದನ್ನು ಸುತ್ತುಹಾಕಿ ಓಡಾಡುವಾಗಲೆಲ್ಲ ಯಜಮಾನರು ಚುಕ್ಕಕ್ಕನ ಕಡೆ ಒಂದು ನೋಟ ಎಸೆಯುತ್ತಿದ್ದರು. ಅವಳು ಕನ್ನಡಕ ಸರಿಮಾಡಿಕೊಂಡು ಕೆಳಗೆ ನೋಡುತ್ತಿದ್ದಳು. ಕೆಲಸ ಹೋದರೆ ಅನ್ನುವ ಭಯವನ್ನು ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಏಳನೆಯ ದಿನ ಮೂರನೇ ಕರಡು ಬಂತು. ಪ್ಯಾರಾ ಮರಳಿತ್ತು, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಧಾಟಿಯಲ್ಲಿ. ‘ತುಕ್ಕು’ ಹೋಗಿ ‘ಸವೆತ’ ಬಂದಿತ್ತು. ಸುತ್ತಲಿನ ಮನೆಗಳ ಮಾತು ಉಳಿದಿತ್ತು. ಕೊನೆಗೆ ಒಂದು ಹೊಸ ಸಾಲು: ‘ಈ ಪೈಪುಗಳನ್ನು ಮುಂದಿನ ಎಂಟು ತಿಂಗಳೊಳಗೆ ಬದಲಿಸಲಾಗುವುದು.’ ಆ ಸಾಲಿಗೆ ಚುಕ್ಕಿ ಇರಲಿಲ್ಲ. ಅವಳು ಇಟ್ಟಳು.

ಪೈಪುಗಳು ಎಂಟಕ್ಕಲ್ಲ, ಹನ್ನೊಂದನೆಯ ತಿಂಗಳಿಗೆ ಬದಲಾದವು. ಔಷಧಿ ಕಂಪನಿಗಳಲ್ಲಿ ಒಂದು ಬಿಟ್ಟು ಹೋಯಿತು, ಉಳಿದವು ಇದ್ದವು. ಮುಂದಿನ ವರ್ಷ ಕೋಲ್ಡ್ ಸ್ಟೋರೇಜಿನವರು ವರದಿಯನ್ನು ಬೇರೆ ಪ್ರೆಸ್ಸಿಗೆ ಕೊಟ್ಟರು. ಯಜಮಾನರು ಆ ಸುದ್ದಿ ಹೇಳಿದಾಗ ಚುಕ್ಕಕ್ಕ ಬೈಗುಳಕ್ಕೆ ಕಾದು ನಿಂತಳು. ಅವರು ಬೈಯಲಿಲ್ಲ. “ಅಲ್ಲಿ ತಿದ್ದೋರು ಯಾರೋ ಏನೋ,” ಅಂತ ಗೊಣಗಿ ಹೋದರು.

ಪೈಪಿನ ವಿಷಯ, ಔಷಧಿ ಕಂಪನಿಯ ವಿಷಯ ತಿಳಿದದ್ದು ಮೇಡಂ ಅವರಿಂದ. ಒಂದು ಮಧ್ಯಾಹ್ನ ಅವರು ಮುನ್ಸೂಚನೆ ಇಲ್ಲದೆ ಪ್ರೆಸ್ಸಿಗೆ ಬಂದರು. ಕುಳ್ಳಗೆ, ಚುರುಕಾಗಿದ್ದರು. ಪುಸ್ತಕದ ವಿಚಾರ ಸೆಕ್ರೆಟರಿ ಹೇಳಿದ್ದರಂತೆ. ಮಂಡಿನೋವಿದ್ದರೂ ಏಣಿ ಹತ್ತಿ ಅಟ್ಟಕ್ಕೆ ಬಂದು, ವರದಿಗಳ ಕಟ್ಟಿನ ಮೇಲೆ ಕೂತು, ಹಾಳೆ ಹಾಳೆ ತಿರುಗಿಸಿದರು.

“ಏನು ಕಂಡಿರಿ ಇದರಲ್ಲಿ?”

ಚುಕ್ಕಕ್ಕ ಯೋಚಿಸಿ ಹೇಳಿದಳು. “ದೊಡ್ಡೋರು ಹೆಚ್ಚು ಬರೀತಾರೆ ಮೇಡಂ. ಹೊರಗಿನೋರು ಕೂತು, ಬರೀ ಫೋಟೋಗೆ ಅಲ್ಲ, ನಿಜವಾಗಿ ಸೇರಿ ಮಾತಾಡೋ ಕಡೆ ಬಿಡಿಸಿ ಬರೀತಾರೆ. ಎರಡು ಕುರ್ಚಿಗೂ ಒಬ್ಬರೇ ಇದ್ರೆ ಮಾತು ಕಮ್ಮಿ. ಆದ್ರೆ ಎಲ್ಲ ಕಡೆ ಹಾಗಿಲ್ಲ. ಒಂದು ಮನೆತನದ ಕಂಪನಿ ಇದೆ, ಹೊರಗಿನೋರು ಒಬ್ಬರೂ ಇಲ್ಲ, ತಮ್ಮ ಬಾಯ್ಲರ್ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದ್ರೆ... ಅದು ಯಾಕೆ ಅಂತ ಗೊತ್ತಾಗಿಲ್ಲ.”

“ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಎಣಿಸ್ತಾರೆ, ಗೊತ್ತಾ? ಇದರ ಮೇಲೆ ಡಾಕ್ಟರೇಟ್ ಮಾಡಿರೋರಿದ್ದಾರೆ.”

ಚುಕ್ಕಕ್ಕನ ಬಾಯಿ ತೆರೆದೇ ಇತ್ತು. ವರದಿಗಳನ್ನು ಪೂರ್ತಿ ಓದುವ ಜನ ಬೇರೆಯೂ ಇದ್ದಾರೆ ಅನ್ನುವುದು ಅವಳಿಗೆ ಡಾಕ್ಟರೇಟ್ ಸುದ್ದಿಗಿಂತ ದೊಡ್ಡದಾಗಿ ಕಂಡಿತು.

ಮೇಡಂ ಪುಸ್ತಕ ಮುಚ್ಚಿ ಕೇಳಿದರು, “ಒಂದು ವಿಷಯ. ಹೆಚ್ಚು ಹೇಳಿಕೊಂಡ ಕಂಪನಿಗಳಿಗೆ ಆಮೇಲೆ ಕೆಡುಕು ಕಡಿಮೆ ಆಯ್ತಾ?”

“ಗೊತ್ತಿಲ್ಲ ಮೇಡಂ. ನಾನು ಬರೆದಿದ್ದನ್ನ ಮಾತ್ರ ನೋಡಿದ್ದೀನಿ. ಆಮೇಲೆ ಏನಾಯ್ತು ಅಂತ ನೋಡಿಲ್ಲ.”

“ನನಗೂ ಗೊತ್ತಿಲ್ಲ,” ಅಂದರು ಅವರು, ಸೀರೆಯ ಧೂಳು ಕೊಡವುತ್ತಾ. “ಗೊತ್ತಾದ್ರೆ ಫೋನ್ ಮಾಡಿ.”

ಮುಂದಿನ ಸೋಮವಾರ ಚುಕ್ಕಕ್ಕ ಹೊಸ ಹಾಳೆಯಲ್ಲಿ ಗೆರೆ ಎಳೆದು ತಲೆಬರಹ ಬರೆದಳು: ‘ಆಮೇಲೆ?’ ಹಳೆಯ ವರದಿಗಳ ಪಕ್ಕ ಹೊಸವನ್ನು ಇಟ್ಟು ಒಂದೊಂದೇ ಕಂಪನಿಯ ಜಾಡು ಹಿಡಿದಳು. ಮೊದಲ ವಾರಕ್ಕೆ ಎಂಟನ್ನು ಎತ್ತಿಕೊಂಡಳು. ಆರಕ್ಕೆ ಏನೂ ಆಗಿರಲಿಲ್ಲ. ಒಂದರಲ್ಲಿ ಬೆಂಕಿ ಬಿದ್ದಿತ್ತು, ಆ ಬೆಂಕಿಯ ಮಾತನ್ನು ಅವರು ಎರಡು ವರ್ಷ ಮೊದಲೇ ಬರೆದಿದ್ದರು. ಎಂಟನೆಯದು ಹೆಸರು ಬದಲಿಸಿಕೊಂಡು ಎಲ್ಲಿ ಹೋಯಿತು ಅಂತ ಅವಳು ಇನ್ನೂ ಹುಡುಕುತ್ತಿದ್ದಾಳೆ.