ಕೊಳೆಯದ ಹೊಂಗೆ ಸೊಪ್ಪು

ನಾನು ಮದುವೆಯಾಗಿ ಜನ್ನಾಪುರಕ್ಕೆ ಬಂದಾಗ ಭದ್ರಾವತಿಯಲ್ಲಿ ಕಾರ್ಖಾನೆ ಶುರುವಾಗಿ ಬಹಳ ಕಾಲವಾಗಿರಲಿಲ್ಲ. ನಮ್ಮ ಯಜಮಾನರು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಗದ್ದೆ ನೋಡಿಕೊಳ್ಳುತ್ತಿದ್ದವರು ಅವರ ಅಣ್ಣ, ನನ್ನ ಭಾವ.

ಕೆರೆಯ ಕೆಳಗಿನ ತಗ್ಗಿನ ಗದ್ದೆ ವರ್ಷ ವರ್ಷಕ್ಕೆ ಕೆಡುತ್ತಿತ್ತು. ಬೇಸಿಗೆ ಬಂದರೆ ಬೂದಿ ಚೆಲ್ಲಿದ ಹಾಗೆ ಚೌಳು ಏಳುತ್ತಿತ್ತು, ನೆಟ್ಟ ಸಸಿಯ ತುದಿ ಸುಟ್ಟುಹೋಗುತ್ತಿತ್ತು. ಒಂದು ಸಲ ಉಳುವಾಗ, ಹಿಂದಿನ ವರ್ಷ ಗೊಬ್ಬರಕ್ಕೆಂದು ತುಳಿದು ಹೂತಿದ್ದ ಹೊಂಗೆ ಸೊಪ್ಪು ನೇಗಿಲಿಗೆ ಸಿಕ್ಕಿ ಮೇಲೆ ಬಂತು. ಎಲೆಯ ನರ ಕೂಡ ಕೊಳೆತಿರಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು.

"ಮಣ್ಣಲ್ಲಿ ಹೂತಿದ್ದು ಕೊಳೀದೆ ಇರುತ್ತಾ ಮಾರಾಯ? ಇದು ಮಾಟ. ಆ ಪಕ್ಕದ ಗದ್ದೆಯವಳದ್ದೇ ಕೆಲಸ," ಎಂದು ತಮ್ಮನಿಗೆ ಹೇಳಿದರು.

ಪಕ್ಕದ ಗದ್ದೆ ಒಬ್ಬ ವಿಧವೆಯದು. ಬದುವಿನ ವಿಷಯಕ್ಕೆ ಅವಳಿಗೂ ಭಾವನಿಗೂ ಮೊದಲೇ ಜಗಳವಿತ್ತು. ಮಾತು ಬೇಗ ಹಬ್ಬಿತು. ಅವಳು ಕೊಡ ಹಿಡಿದು ಬಂದರೆ ಬಾವಿಕಟ್ಟೆಯೇ ಖಾಲಿಯಾಗುತ್ತಿತ್ತು. ಅವಳಿಗೇನಾದರೂ ಆದೀತೆಂದು ನನಗೆ ಹೆದರಿಕೆ ಹತ್ತಿತು. ಯಜಮಾನರ ರಜೆಯ ದಿನ ನಾವಿಬ್ಬರೂ, ಮಣ್ಣಿನ ದೋಷವೇನೋ ಕೇಳೋಣವೆಂದು, ನಮ್ಮ ಗದ್ದೆಯ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು, ರೈಲು ಹತ್ತಿ ಶಿವಮೊಗ್ಗದ ವ್ಯವಸಾಯದ ಕಚೇರಿಗೆ ಹೋದೆವು.

ಅಲ್ಲಿನ ಅಧಿಕಾರಿ ಚಿಟಿಕೆ ಮಣ್ಣನ್ನು ಗಾಜಿನ ಲೋಟದ ನೀರಿಗೆ ಹಾಕಿ ಅಲುಗಿಸಿದರು. ನೀರು ಕಾಫಿಯ ಬಣ್ಣಕ್ಕೆ ತಿರುಗಿತು. ಎಷ್ಟು ಹೊತ್ತಾದರೂ ತಿಳಿಯಾಗಲಿಲ್ಲ.

"ಇದು ಸೋಡಾ ಉಪ್ಪು ಸೇರಿದ ಮಣ್ಣು. ಸೊಪ್ಪು ಕೊಳೆಸೋದು ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವಿಗಳು. ಚೌಳು ಏರಿದ್ರೆ ಅವು ಬದುಕೋದೇ ಕಷ್ಟ. ಹಿಂದೆ ಕೊಳೆತು ಕೂಡಿದ್ದ ಕಪ್ಪು ಸತ್ವವೂ ಹೀಗೆ ಕರಗಿ ನೀರಿನ ಪಾಲಾಗುತ್ತೆ. ಬಸಿಗಾಲುವೆ ತೋಡಿ ನೀರು ಹೊರಗೆ ಬಿಡಿ, ಜಿಪ್ಸಂ ಅನ್ನೋ ಕಲ್ಲಿನ ಪುಡಿ ಹಾಕಿ, ನೀರು ಕಟ್ಟಿ ಮಣ್ಣು ತೊಳೀರಿ. ಆಮೇಲೆ ಸೊಪ್ಪು ಹಾಕಿ," ಎಂದರು.

ಮಧ್ಯಾಹ್ನ ಊರಿಗೆ ಮರಳಿದರೆ ಆ ವಿಧವೆಯ ಬಾಗಿಲಲ್ಲಿ ಜನ ನೆರೆದಿದ್ದರು. ಭಾವನ ಕೈಯಲ್ಲಿ ದೊಣ್ಣೆ. ಅವಳು ಹೊಸ್ತಿಲ ಒಳಗೆ ಕುಡುಗೋಲು ಹಿಡಿದು ನಿಂತಿದ್ದಳು.

ಭಾವನ ಎದುರು ನಾನು ಅಲ್ಲಿಯವರೆಗೆ ತಲೆಯೆತ್ತಿ ಮಾತಾಡಿದವಳಲ್ಲ. ಆದರೂ ಮುಂದೆ ಹೋದೆ.

"ಅಕ್ಕ, ನಿಮ್ ಗದ್ದೇಲಿ ಹಾಕಿದ್ದ ಸೊಪ್ಪು ಕೊಳೀತಾ?"

ಅವಳು ನನ್ನನ್ನೇ ದಿಟ್ಟಿಸಿದಳು. "ಇಲ್ಲ ಕಣಮ್ಮ. ಹೇಳಿದ್ರೆ ನಂಗೇ ಶಾಪ ತಗುಲಿದೆ ಅಂತಾರೆ ಅಂತ ಬಾಯಿ ಮುಚ್ಕೊಂಡಿದ್ದೆ."

"ಬಾಯಲ್ಲಿ ಹೇಳೋದು ಯಾಕೆ? ಅಗೆದು ನೋಡಾಣ," ಎಂದರು ಯಜಮಾನರು.

ಎಲ್ಲರೂ ಅವಳ ಗದ್ದೆಗೆ ನಡೆದೆವು. ಯಜಮಾನರು ಗುದ್ದಲಿ ಹಾಕಿದರು. ಒಂದು ಹುಳ ಕಾಣಲಿಲ್ಲ, ಮಣ್ಣಿನ ವಾಸನೆಯೇ ಇರಲಿಲ್ಲ. ಎರಡನೆಯ ಹೆಂಟೆಯ ಜೊತೆ ಹೊಂಗೆ ಎಲೆ ಇಡಿಯಾಗಿ ಎದ್ದು ಬಂತು.

"ತನ್ನ ಅನ್ನಕ್ಕೆ ತಾನೇ ಯಾರಾದ್ರೂ ಮಾಟ ಮಾಡ್ಕೋತಾರಾ?" ಎಂದಳು ಅವಳು. ಜನ ಒಬ್ಬೊಬ್ಬರಾಗಿ ಕರಗಿದರು. ಭಾವ ದೊಣ್ಣೆಯನ್ನು ಬದುವಿನ ಮೇಲೆ ಬಿಟ್ಟು ಮನೆಗೆ ಹೋದರು.

ಅಧಿಕಾರಿ ಹೇಳಿದಂತೆ ನಮ್ಮ ಗದ್ದೆಯ ನೀರು ಬಸಿದುಹೋಗಲು ಅವಳ ಗದ್ದೆಯ ಮೂಲಕವೇ ದಾರಿ. ಅವಳು ಬೇಡ ಎನ್ನಬಹುದಿತ್ತು; ಎನ್ನಲಿಲ್ಲ. ಆ ಬೇಸಿಗೆಯಲ್ಲಿ ಎರಡೂ ಮನೆಯವರು ಸೇರಿ ಕಾಲುವೆ ತೋಡಿ, ಜಿಪ್ಸಂ ಹಾಕಿದೆವು. ಮಣ್ಣು ತಿರುಗಿಕೊಳ್ಳಲು ಕೆಲವು ವರ್ಷ ಹಿಡಿಯಿತು. ಕೊನೆಗೆ ಎರಡು ಗದ್ದೆಯಲ್ಲೂ ಭತ್ತ ತೆನೆ ಕಟ್ಟಿತು. ನನ್ನೊಂದಿಗೆ ಅವಳು ಹರಟೆ ಹೊಡೆಯುತ್ತಿದ್ದಳು. ಭಾವನೊಂದಿಗೆ ಮಾತ್ರ ತಾನು ಸಾಯುವವರೆಗೂ ಮಾತಾಡಲಿಲ್ಲ. ಅವರೂ ಮಾತಾಡು ಎಂದು ಕೇಳಲಿಲ್ಲ.