ಅಪ್ಪಯ್ಯನ ಒಂದು ವರ್ಷ, ನನ್ನ ಪ್ರಮೋಷನ್ನು

ನಮ್ಮ ಉಪ್ಪುಂದದ ಕಡಲ ಬದಿಯಲ್ಲಿ ದೋಣಿ ತುಂಬ ಮೀನು ಬಿದ್ದರೂ ಬಾಯಿಬಿಟ್ಟು ಹೇಳುವ ಕ್ರಮ ಇರಲಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ. ಯಾರು ಕೇಳಿದರೂ ಅಪ್ಪಯ್ಯನದು ಒಂದೇ ಉತ್ತರ, "ಎಂತ ಇಲ್ಲ ಮಾರಾಯಾ, ಮನೆ ಸಾರಿಗ್ ಆಪಷ್ಟ್ ಮಾತ್ರ." ಬೆನ್ನ ಹಿಂದೆ ಬುಟ್ಟಿಗಟ್ಟಲೆ ಬಂಗುಡೆ ಹೊಳೆಯುತ್ತಿರುತ್ತಿತ್ತು. ಸಣ್ಣವಳಿದ್ದಾಗ ಒಮ್ಮೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಲು ಹೋಗಿ ತಲೆಗೆ ಮೊಟಕು ತಿಂದಿದ್ದೆ.

ಅದೇ ಬುದ್ಧಿ ಹೊತ್ತುಕೊಂಡು ಕುಂದಾಪುರದ ಒಂದು ಸಾಫ್ಟ್‌ವೇರ್ ಆಫೀಸು ಸೇರಿದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು ಇಪ್ಪತ್ತು ಜನ. ಐದನೇ ವರ್ಷ ಸೀನಿಯರ್ ಆಗುವ ಸರದಿ ನನ್ನದು. ಹಾಗಾದರೆ ಸಂಬಳ ಚೆನ್ನಾಗಿ ಏರುತ್ತದೆ, ಮನೆ ಅದರಲ್ಲೇ ನಡೆಯುತ್ತದೆ. ಅಪ್ಪಯ್ಯನಿಗೆ ಭುಜದ ನೋವು. ಬಲೆ ಎಳೆದು ಬಂದ ದಿನ ಊಟದ ಬಟ್ಟಲನ್ನೂ ಎಡಗೈಯಲ್ಲೇ ಎತ್ತಬೇಕು. ನನಗೆ ಪ್ರಮೋಷನ್ ಆದರೆ ಕಡಲಿಗೆ ಹೋಗುವುದಿಲ್ಲ ಅಂತ ನಾನು ಹಠ ಹಿಡಿದು ಅವರಿಂದ ಮಾತು ತೆಗೆದುಕೊಂಡಿದ್ದೆ.

ಮಾರ್ಚಿನಲ್ಲಿ ಫಾರ್ಮು ಬಂತು. ವರ್ಷವಿಡೀ ಏನು ಮಾಡಿದೆ ಅಂತ ನಾವೇ ಬರೆದುಕೊಳ್ಳಬೇಕು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರನ್ನು ಬುಡದಿಂದ ಹೊಸದಾಗಿ ಬರೆದವಳು ನಾನೊಬ್ಬಳೇ. ಆದರೆ ಅದನ್ನು ಬರೆಯಲು ಕೂತರೆ ಕೈಯೇ ಬರಲಿಲ್ಲ ಮಾರಾಯ್ರೆ. "ಬಿಲ್ಲಿಂಗ್ ಕೆಲಸದಲ್ಲಿ ಸ್ವಲ್ಪ ಸಹಾಯ ಮಾಡಿದ್ದೇನೆ" ಅಂತ ಒಂದು ಸಾಲು ಗೀಚಿ ಕಳಿಸಿದೆ. ಮಾಡಿದ್ದು ಕಣ್ಣಿಗೆ ಕಾಣುತ್ತದಲ್ಲ ಎಂಬ ಧೈರ್ಯ. ಎಂಥ ಪೆದ್ದಿ ನಾನು. ಪಕ್ಕದ ಮೇಜಿನವನು ಎರಡು ಪುಟ ಬರೆದ, ಸೀನಿಯರ್ ಆದ. ಮ್ಯಾನೇಜರ್ ಹೊಸಬರು, ಬೇರೆ ಊರಿನವರು. ನಾನು ಬರೆದದ್ದನ್ನು ಹಾಗೇ ನಂಬಿದ್ದರು.

ಆ ಸಂಜೆ ಬಸ್ಸಿನಲ್ಲಿ ದಾರಿಯ ತ್ರಾಸಿ ಊರು ಬರುವ ತನಕ ಅತ್ತೆ. ಸಂಬಳಕ್ಕಲ್ಲ, ಆ ಭುಜ ಇನ್ನೊಂದು ವರ್ಷ ಬಲೆ ಎಳೆಯಬೇಕಲ್ಲ ಅಂತ. ಮನೆಯಲ್ಲಿ ಅಮ್ಮ ಮುಖ ನೋಡಿಯೇ ಎಲ್ಲ ಬಾಯಿಬಿಡಿಸಿದಳು. ಅವಳು ಸಂತೆಯಲ್ಲಿ ಮೀನು ಮಾರುವವಳು, ನಾಲ್ಕು ಸಾಲಿನಾಚೆಗೂ ಅವಳ ದನಿ ಕೇಳಬೇಕು. ಕಡಲ ಬದಿಯಲ್ಲಿ ಮುಚ್ಚಿಡುವುದು ಸರಿ, ಮಾರಲು ಕೂತಲ್ಲಿಯೂ ಮುಚ್ಚಿಟ್ಟರೆ ಯಾರು ಕೊಳ್ಳುತ್ತಾರೆ ಅಂತ ಚೆನ್ನಾಗಿ ಬೈದಳು.

ಮರುವರ್ಷ ಮೂರು ಪುಟ ಬರೆದೆ. ಸೀನಿಯರ್ ಆದೆ. ಅಪ್ಪಯ್ಯ ಕೊಟ್ಟ ಮಾತಿನಂತೆ ದೋಣಿಯಲ್ಲಿ ತಮ್ಮ ಜಾಗ ಬೇರೆಯವರಿಗೆ ಬಿಟ್ಟುಕೊಟ್ಟರು.

ಈಗ ನಾನು ಟೀಮ್ ಲೀಡು. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಮೊನ್ನೆ ಮಧ್ಯಾಹ್ನ ಚಹಾ ಕುಡಿಯುವಾಗ, ನನ್ನ ದಡ್ಡತನದಿಂದ ನೀವು ಒಂದು ವರ್ಷ ಸುಮ್ಮನೆ ನೋವು ತಿಂದಿರಿ ಅಂತ ಅಪ್ಪಯ್ಯನ ಹತ್ತಿರ ಹೇಳಿಯೇಬಿಟ್ಟೆ.

ಅವರು ಲೋಟ ಕೆಳಗಿಟ್ಟು ನಕ್ಕರು.

"ನಿಂದ್ ಎಂತ ತಪ್ಪ್ ಮಗಾ? ಕಡ್ಲ್ ಬಿಡುಕ್ ಮನ್ಸಿಲ್ದೆ ಹಟ್ಟಿಯಂಗಡಿ ದೇವಸ್ಥಾನಕ್ಕ್ ಹೋಯಿ ಗಣಪತಿ ಹತ್ರ ನಾನೇ ಹೇಳ್ಕಂಡಿದ್ದೆ, ಇನ್ನೊಂದ್ ವರ್ಷ ಕಡ್ಲಿಗ್ ಹೋಪಂಗ್ ಮಾಡ್ ಅಂದೇಳಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಮರುವರ್ಷ ಯಾಕೆ ಹೇಳಿಕೊಳ್ಳಲಿಲ್ಲ ಅಂತ ಕೇಳಿದೆ.

"ನೀ ಬಸ್ಸಂಗೆ ಅತ್ತದ್ದ್ ಅಮ್ಮ ಹೇಳಿದ್ಲ್" ಅಂದರು.